ಏಪ್ರಿಲ್ 14ರ ರಜೆ ಯಾರಿಗೆ?



ಬಂಧುಗಳೇ, ನಾಳೆ ಬಾಬಾಸಾಹೇಬರ ಜಯಂತಿ, ಸರ್ಕಾರಿ ರಜೆ. ಬೆಳಿಗ್ಗೆ ತಿಸರಣ, ಪಂಚಶೀಲ, ಆಮೇಲೆ ಮಾಲಾರ್ಪಣೆ. ಅದಕ್ಕೆ ಮುಂಚೆ ಈ ರಜೆಯ ಬಗ್ಗೆಯೇ ಸ್ವಲ್ಪ ಯೋಚಿಸೋಣ.

ಲೋಕದಲ್ಲಿ ಇಬ್ಬರು ಸಿಗುವುದು ಅಪರೂಪ ಎಂದು ಅಂಗುತ್ತರ ನಿಕಾಯದಲ್ಲಿ ಭಗವಾನ್ ಬುದ್ಧರು ಹೇಳುತ್ತಾರೆ. ಒಬ್ಬರು ಪುಬ್ಬಕಾರಿ, ಅಂದರೆ ತಾವಾಗಿ ಮುಂದೆ ಬಂದು ಉಪಕಾರ ಮಾಡಿದವರು. ಇನ್ನೊಬ್ಬರು ಕತಞ್ಞೂ ಕತವೇದೀ. ಕತಞ್ಞೂ ಎಂದರೆ ಆದ ಉಪಕಾರ ಬಲ್ಲವರು, ಕತವೇದೀ ಎಂದರೆ ಅದನ್ನು ನಡತೆಯಲ್ಲಿ ತೋರಿಸುವವರು. ಎರಡು ಪದ ಏಕೆ ಬೇಕಾಯಿತು? ಬಲ್ಲವರೆಲ್ಲ ತೋರಿಸುವುದಿಲ್ಲ, ಅದಕ್ಕೇ ಇರಬೇಕು.

ಬಾಬಾಸಾಹೇಬರ ಉಪಕಾರ ಎಂದರೆ ಸಂವಿಧಾನ, ಮೀಸಲಾತಿ, 1956ರ ನಾಗಪುರದ ದೀಕ್ಷೆ ನಮ್ಮ ನೆನಪಿಗೆ ಬರುತ್ತವೆ. 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಿದ್ದನ್ನು ಭಾಷಣಗಳಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ವರ್ಷವಿಡೀ ನಡೆಯುವ ಕಾರ್ಖಾನೆಗಳ ಕಾರ್ಮಿಕರಿಗೆ ವರ್ಷಕ್ಕೆ 10 ದಿನ ಸಂಬಳ ಸಹಿತ ರಜೆ ಕೊಟ್ಟ 1945ರ ತಿದ್ದುಪಡಿ ಬಂದದ್ದು ಆಗ. ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರಲ್ಲಿ. ಕೂಲಿ ಕಳೆದುಕೊಳ್ಳದೆ ಒಂದು ದಿನ ಮನೆಯಲ್ಲಿ ಕೂರುವುದು ಅಲ್ಲಿಯವರೆಗೆ ಸಾಹೇಬರ ಸುಖವಾಗಿತ್ತು.

ಇದು ಧಮ್ಮದಲ್ಲೂ ಇದೆ. ದೀಘ ನಿಕಾಯದ ಸಿಗಾಲೋವಾದ ಸುತ್ತದಲ್ಲಿ ಯಜಮಾನನಿಗೆ ಐದು ಕರ್ತವ್ಯಗಳು: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ಒಳ್ಳೆಯ ತಿಂಡಿ ಮಾಡಿದಾಗ ಅದರಲ್ಲಿ ಪಾಲು, ಕಾಲಕ್ಕೆ ಸರಿಯಾಗಿ ಬಿಡುವು. ಈ ಐದನೆಯದೇ ರಜೆ.

ಇನ್ನು ನಮ್ಮ ಕಡೆ ನೋಡಿ. ಜಯನಗರ, ಬನಶಂಕರಿ, ಜೆ.ಪಿ. ನಗರದಲ್ಲಿ ನಮ್ಮವರು ಬ್ಯಾಂಕು, ಇಲಾಖೆ, ಕಾಲೇಜುಗಳಲ್ಲಿದ್ದಾರೆ. ಅವರಿಗೆ ನಾಳೆ ರಜೆ. ಖಾಸಗಿ ಕಡೆ ಹಾಗಲ್ಲ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಹೆಸರಿಸಿ ಕೊಡುವ ದಿನಗಳು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಮಿಕ್ಕ ಐದು ರಜೆಗಳು ಕಾರ್ಮಿಕರನ್ನೂ ಮಾಲೀಕರನ್ನೂ ಕೇಳಿ ಗೊತ್ತುಮಾಡುವಂಥವು. ಕೇಳಿದರೆ ಏಪ್ರಿಲ್ 14 ಆ ಐದರಲ್ಲಿ ಸೇರಬಹುದು. ಗಾರ್ಮೆಂಟ್ಸ್, ಅಂಗಡಿ, ಕಂಪನಿಗಳಲ್ಲಿರುವವರು ಮುಂದಿನ ವರ್ಷದ ಪಟ್ಟಿ ಮಾಡುವಾಗ ನಾಲ್ಕು ಜನ ಸೇರಿ ಬರವಣಿಗೆಯಲ್ಲಿ ಕೇಳಿ.

ಮನೆಕೆಲಸದ ಅಕ್ಕನಿಗೆ ಈ ಕಾಯ್ದೆಯೂ ಇಲ್ಲ. ಎಷ್ಟೋ ಸಲ ಆಕೆ ನಮ್ಮಂಥದೇ ಕೇರಿಯಿಂದ ಬಂದವಳು. ಜಯಂತಿಯ ದಿನ ಮನೆಗೆ ನೆಂಟರು ಬರುತ್ತಾರೆ, ಪಾತ್ರೆ ಜಾಸ್ತಿ ಎಂದು ಬೇಗ ಬರಹೇಳುವವರೂ ಇದ್ದೇವೆ! ಆಕೆಯ ಪಾಲಿಗೆ ಯಜಮಾನ ನಾವೇ, ಸುತ್ತ ಹೇಳುವುದು ನಮಗೇ. ನಾಳೆ ಬರಬೇಡಿ, ಸಂಬಳ ಹಿಡಿಯುವುದಿಲ್ಲ ಎಂದು ಇವತ್ತು ಸಂಜೆಯೇ ಹೇಳಿಬಿಡಿ. ಮೆರವಣಿಗೆಗೋ ತವರಿಗೋ, ಎಲ್ಲಿಗೆ ಹೋಗುವುದೆಂದು ಆಕೆ ನೋಡಿಕೊಳ್ಳಲಿ.

ಭಾನುವಾರದ ಓದಿಗೆ ಸಿಗಾಲೋವಾದ ಸುತ್ತ ತನ್ನಿ.

ಸಾಧು, ಸಾಧು, ಸಾಧು.