ಹರಿಗೋಲಿನ ಆರೈಕೆ: ನದಿತೀರದ ಶಾಲೆಗಳಿಗೆ ಪೂರಕ ಪಾಠ

ನಾರಾಯಣಪೇಟೆ ಜಿಲ್ಲೆಯ ತಂಗಡಿಯ ಬಳಿ ತೆಲಂಗಾಣವನ್ನು ಪ್ರವೇಶಿಸುವ ಕೃಷ್ಣಾ ನದಿಯು ಅಲ್ಲಿಯೇ ಸಮೀಪದಲ್ಲಿ ಭೀಮೆಯನ್ನು ಕೂಡಿಕೊಂಡು, ಮಕ್ತಲ್ ಭಾಗದ ಹಳ್ಳಿಗಳ ಅಂಚಿನಲ್ಲಿ ಹರಿದು, ಜೂರಾಲ ಜಲಾಶಯವನ್ನು ತುಂಬಿ ಗದ್ವಾಲದ ಕಡೆಗೆ ಸಾಗುತ್ತದೆ. ಈ ಹರಿವಿನ ಒಂದು ಭಾಗದಲ್ಲಿ ಎಡದಂಡೆ ತೆಲಂಗಾಣದ್ದು, ಬಲದಂಡೆ ರಾಯಚೂರು ಜಿಲ್ಲೆಯದು, ನಡುವೆ ಗಡ್ಡೆಗಳು. ಪಂಚದೇವಪಹಾಡದಿಂದ ಕುರುವಪುರದ ಶ್ರೀಪಾದ ಶ್ರೀವಲ್ಲಭ ಕ್ಷೇತ್ರಕ್ಕೆ ಹೋಗುವ ಯಾತ್ರಿಕರೂ, ಗದ್ವಾಲ ಸೀಮೆಯ ಗುರ್ರಂಗಡ್ಡದ ನಿವಾಸಿಗಳೂ ಬಹುಕಾಲ ನೆಚ್ಚಿಕೊಂಡದ್ದು ಹರಿಗೋಲನ್ನು. ತೆಲುಗಿನಲ್ಲಿ ಅದನ್ನು ಪುಟ್ಟಿ ಎನ್ನುತ್ತಾರೆ.

ಸಾರಿಗೆಯ ಪಾಠ ಬಂದಾಗ ತರಗತಿಯ ಚಿತ್ರಪಟದಲ್ಲಿ ಸಾಮಾನ್ಯವಾಗಿ ಕಾಣುವುದು ಚೂಪು ಮೂತಿಯ ದೋಣಿ ಮತ್ತು ಹಾಯಿಹಡಗು. ನದಿತೀರದ ಮಗು ಕಂಡಿರುವುದು ದುಂಡನೆಯ ದೋಣಿಯನ್ನು. ಚಿತ್ರಪಟದಲ್ಲಿ ಇಲ್ಲವೆಂಬ ಕಾರಣಕ್ಕೆ ಅದು ಕೀಳಾದುದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನರು ತೊಗಲು ಹೊದಿಸಿದ ಬುಟ್ಟಿಯಂಥ ದೋಣಿಗಳಲ್ಲಿ ಹೊಳೆ ದಾಟುವುದನ್ನು ದಾಖಲಿಸಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುವ ಆ ದೋಣಿಗಳು ನೇರವಾಗಿ ಹೋಗದೆ ಸುತ್ತುತ್ತ ಸಾಗುವುದು ಅವನಿಗೆ ಸೋಜಿಗವೆನಿಸಿತ್ತು. ಐನೂರು ವರ್ಷಗಳ ಹಿಂದಿನ ಆ ವರ್ಣನೆಯನ್ನು ಇಂದಿನ ಮಗು ತನ್ನ ಊರಿನ ಕಡವಿನಲ್ಲಿ ನಿಂತು ಪರೀಕ್ಷಿಸಬಹುದು.

ಈ ಪಾಠದ ವಸ್ತು ಹರಿಗೋಲಿನ ಚರಿತ್ರೆಯಲ್ಲ, ಅದರ ಆರೈಕೆ. ಹರಿಗೋಲಿಗೆ ಕಾರ್ಖಾನೆಯೂ ಇಲ್ಲ, ದುರಸ್ತಿಯ ಅಂಗಡಿಯೂ ಇಲ್ಲ; ನಡೆಸುವವನೇ ಅದರ ಕಮ್ಮಾರ, ಬಡಗಿ, ವೈದ್ಯ. ಹೊಳೆಯ ನಡುವೆ ಸಂಭವಿಸುವ ಅನಾಹುತಗಳಲ್ಲಿ ಕೆಲವು ದಂಡೆಯ ಮೇಲೆಯೇ, ಬೇಸಿಗೆಯ ಒಂದು ಉದಾಸೀನದಲ್ಲಿ ಆರಂಭವಾಗಿರುತ್ತವೆ.

ಬಿದಿರನ್ನು ಸೀಳಿ ಮಾಡಿದ ದಬ್ಬೆಗಳನ್ನು ಅಡ್ಡಡ್ಡ ಹೆಣೆದ ದೊಡ್ಡ ಬುಟ್ಟಿಯೇ ಹರಿಗೋಲಿನ ಅಸ್ಥಿಪಂಜರ. ತಳದಲ್ಲಿ ದಪ್ಪ ದಬ್ಬೆಗಳ ಆಧಾರವಿರುತ್ತದೆ. ಬಾಯಿಯ ಅಂಚನ್ನು ಹಲವು ದಬ್ಬೆ ಸೇರಿಸಿ ಬಿಗಿದು ಕಟ್ಟಿರುತ್ತಾರೆ. ಹಿಂದೆ ಇದರ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ತೊಗಲು ಸದಾ ಒದ್ದೆಯಿದ್ದರೆ ಕೊಳೆಯುತ್ತದೆ, ಅತಿಯಾಗಿ ಒಣಗಿದರೆ ಬಿರಿಯುತ್ತದೆ. ಈಗ ತೊಗಲಿನ ಸ್ಥಾನಕ್ಕೆ ಪ್ಲಾಸ್ಟಿಕ್ ಚೀಲಗಳ ಹೊಲಿಗೆಯ ಹಾಳೆ ಅಥವಾ ತಾಡಪತ್ರಿ, ಅದರ ಮೇಲೆ ಡಾಂಬರಿನ ಲೇಪ ಬಂದಿವೆ. ಸಾಮಗ್ರಿ ಬದಲಾದರೂ ಆರೈಕೆ ತಪ್ಪಿಲ್ಲ. ಬಿಸಿಲು ಪ್ಲಾಸ್ಟಿಕ್ಕನ್ನು ಪೆಡಸಾಗಿಸುತ್ತದೆ, ಹಳತಾದ ಡಾಂಬರು ಒಣಗಿ ಸೀಳುತ್ತದೆ.

ಮೊದಲನೆಯ ಎಚ್ಚರಿಕೆ, ಹರಿಗೋಲನ್ನು ಎಳೆಯಬಾರದು, ಹೊರಬೇಕು. ಕೃಷ್ಣೆಯ ದಂಡೆ ಬಹುತೇಕ ಬಂಡೆ, ಗುಂಡುಕಲ್ಲು. ಒಂದೇ ಸಲ ಎಳೆದರೂ ತಳದ ಡಾಂಬರು ಕೆತ್ತಿಹೋಗುತ್ತದೆ. ಸಣ್ಣ ಹರಿಗೋಲನ್ನು ಬೋರಲು ಮಾಡಿ ಬೆನ್ನ ಮೇಲೆ ಹೊತ್ತು ನಡೆಯುವ ಅಂಬಿಗನು ದೂರದಿಂದ ಆಮೆಯಂತೆ ಕಾಣುತ್ತಾನೆ. ಮಕ್ಕಳು ನಗುವ ಈ ದೃಶ್ಯದ ಹಿಂದೆ ಇರುವುದು ಇದೇ ಕಾರಣ. ದಂಡೆಗೆ ತಂದ ಮೇಲೆ ಅದನ್ನು ಮರದ ನೆರಳಿನಲ್ಲಿ, ಮೂರು ನಾಲ್ಕು ಕಲ್ಲುಗಳ ಮೇಲೆ ಬೋರಲಾಗಿ ಇಡಬೇಕು. ಆಗ ಒಳಗಿನ ನೀರು ಬಸಿದು ಕೆಳಗಿನಿಂದ ಗಾಳಿ ಆಡುತ್ತದೆ. ಹೊದಿಕೆಗೂ ಹೆಣಿಗೆಗೂ ನಡುವೆ ತೇವ ಉಳಿದರೆ ಬಿದಿರು ಕೊಳೆಯುವುದು ಅಲ್ಲಿಂದಲೇ.

ಮೃಗಶಿರಾ ಮಳೆಗೆ ಮುನ್ನ, ನದಿ ಇಳಿದಿರುವಾಗ, ದೊಡ್ಡ ದುರಸ್ತಿ ನಡೆಯಬೇಕು. ತಳದ ದಬ್ಬೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಮೆತ್ತಗಾದುದು ತಿಳಿಯುತ್ತದೆ. ಹಿಟ್ಟಿನಂಥ ಪುಡಿ ಉದುರಿದರೆ ಹುಳು ಹತ್ತಿದೆಯೆಂದು ಅರ್ಥ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿದರೆ ಅದರೊಳಗಿನ ಪಿಷ್ಟ ಕರಗಿಹೋಗಿ ಹುಳುವಿನ ಬಾಧೆ ತಗ್ಗುತ್ತದೆ. ಮುರಿದ ದಬ್ಬೆಯ ಪಕ್ಕದಲ್ಲಿ ಹೊಸದನ್ನು ತೂರಿಸಿ, ಮುರಿತದ ಎರಡೂ ಕಡೆ ಕೆಲವು ಹೆಣಿಗೆಗಳನ್ನು ದಾಟುವಂತೆ ಸೇರಿಸಬೇಕು. ಹಳೆಯ ದಬ್ಬೆಯ ಚೂಪಾದ ತುದಿಯನ್ನು ಕತ್ತರಿಸದೆ ಬಿಡುವುದು ದೊಡ್ಡ ತಪ್ಪು. ಜನರ ಕಾಲಿನ ಭಾರ ಬಿದ್ದಾಗ ಅದೇ ತುದಿ ಮುಳ್ಳಾಗಿ ಹೊದಿಕೆಯನ್ನು ಒಳಗಿನಿಂದ ಚುಚ್ಚುತ್ತದೆ. ಹೊರಗಿನ ಕಲ್ಲಿಗೆ ಹೆದರುವ ಹರಿಗೋಲು ತನ್ನದೇ ಎಲುಬಿನಿಂದ ತೂತಾಗುವುದು ಹೀಗೆ.

ತೇಪೆ ಹಾಕುವಾಗ ಹರಿದ ಜಾಗ ಪೂರ್ಣ ಒಣಗಿರಬೇಕು; ಕೆಸರನ್ನೂ ಎದ್ದುಬಂದ ಡಾಂಬರನ್ನೂ ಕೆರೆದು ತೆಗೆಯಬೇಕು. ತೇಪೆಯ ಬಟ್ಟೆ ಹರಿದ ಜಾಗಕ್ಕಿಂತ ಸುತ್ತಲೂ ನಾಲ್ಕು ಬೆರಳು ದೊಡ್ಡದಿರಬೇಕು. ಅದರ ಮೂಲೆಗಳನ್ನು ದುಂಡಗೆ ಕತ್ತರಿಸುವುದು ಒಳ್ಳೆಯದು, ಏಕೆಂದರೆ ಚೌಕ ಮೂಲೆ ಬೇಗ ಎದ್ದುಕೊಳ್ಳುತ್ತದೆ. ತೇಪೆಯನ್ನು ಹೊರಗಿನಿಂದಲೇ ಏಕೆ ಹಾಕಬೇಕು? ಈ ಪ್ರಶ್ನೆಯನ್ನು ಮೇಲಿನ ತರಗತಿಗಳಲ್ಲಿ ಕೇಳಿ, ಉತ್ತರಕ್ಕೆ ಕಾಯಬೇಕು. ಹೊರಗಿನ ನೀರಿನ ಒತ್ತಡವೇ ಆ ತೇಪೆಯನ್ನು ಮೈಗೆ ಒತ್ತಿಹಿಡಿಯುತ್ತದೆ. ಒಳಗೆ ಹಾಕಿದರೆ ಅದೇ ಒತ್ತಡ ತೇಪೆಯನ್ನು ಕೀಳುತ್ತದೆ. ಲೇಪ ಒಣಗಿದ ಮೇಲೆ ಸಣ್ಣ ಹರಿಗೋಲನ್ನು ಕಲ್ಲುಗಳ ಮೇಲಿಟ್ಟು, ಒಳಗೆ ಕೆಲವು ಕೊಡ ನೀರು ಸುರಿದು, ಕೆಳಗೆ ಹನಿ ಜಿನುಗುವುದೇ ಎಂದು ನೋಡಿದರೆ ಪರೀಕ್ಷೆ ಮುಗಿಯಿತು. ಡಾಂಬರು ಕಾಯಿಸುವ ಕೆಲಸ ಮಾತ್ರ ಹಿರಿಯರದೇ. ಕಾದ ಡಾಂಬರಿಗೆ ನೀರಿನ ಹನಿ ಬಿದ್ದರೆ ಸಿಡಿದು ಮೈ ಸುಡುತ್ತದೆ.

ಗಣಿತದ ಶಿಕ್ಷಕರಿಗೆ ಇಲ್ಲಿ ಒಳ್ಳೆಯ ಲೆಕ್ಕವಿದೆ. ತಳದ ವ್ಯಾಸ 2 ಮೀಟರ್ ಇರುವ, ಬದಿಗಳು ನೆಟ್ಟಗಿರುವ ಹರಿಗೋಲನ್ನು ಊಹಿಸಿಕೊಳ್ಳೋಣ. ತಳದ ವಿಸ್ತೀರ್ಣ 3.14 ಚದರ ಮೀಟರ್. ಅದು 10 ಸೆಂಟಿಮೀಟರ್ ಮುಳುಗಿದಾಗ 314 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಂದರೆ 314 ಕಿಲೋಗ್ರಾಂ ಭಾರವನ್ನು ಹೊರುತ್ತದೆ. ಈಗ ಒಳಗೆ ಕೇವಲ 5 ಸೆಂಟಿಮೀಟರ್ ನೀರು ಜಿನುಗಿತೆನ್ನಿ. ಪಾದ ಮಾತ್ರ ನೆನೆಯುವ ಆ ನೀರಿನ ತೂಕ 157 ಕಿಲೋಗ್ರಾಂ, ಅಂದರೆ ಕಾಣದಂತೆ ಹತ್ತಿ ಕುಳಿತ ಇಬ್ಬರು ಮೂವರು ದೊಡ್ಡವರು. ಅವರು ಸುಮ್ಮನೆ ಕೂರುವವರೂ ಅಲ್ಲ. ಹರಿಗೋಲು ಯಾವ ಕಡೆ ವಾಲಿದರೆ ನೀರೆಲ್ಲ ಆ ಕಡೆಗೇ ಓಡಿ ಮತ್ತಷ್ಟು ವಾಲಿಸುತ್ತದೆ. ನೀರು ಮೊಗೆದು ಚೆಲ್ಲುವ ಡಬ್ಬಿ ಹುಟ್ಟಿನಷ್ಟೇ ಮುಖ್ಯವೆಂಬುದು ಮಕ್ಕಳಿಗೆ ಈ ಲೆಕ್ಕದಿಂದಲೇ ಮನದಟ್ಟಾಗುತ್ತದೆ.

ಆರೈಕೆ ಎಷ್ಟೇ ಚೆನ್ನಾಗಿದ್ದರೂ ತುಂಬು ನದಿಗೆ ಹರಿಗೋಲು ಸಾಟಿಯಲ್ಲ. ಇಲ್ಲಿ ಮಳೆ ಬಾರದಿದ್ದರೂ ಮೇಲೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. 2020ರ ಆಗಸ್ಟ್‌ನಲ್ಲಿ ಪಂಚದೇವಪಹಾಡದ ಬಳಿ, ಪ್ರವಾಹದ ದಿನಗಳಲ್ಲಿ, ಹರಿಗೋಲು ಮಗುಚಿ ಕೆಲವರು ನೀರುಪಾಲಾದರು. ಮಕ್ತಲ್ ಭಾಗದ ತರಗತಿಗಳಲ್ಲಿ ಈ ಘಟನೆಯನ್ನು ಪ್ರಸ್ತಾಪಿಸುವಾಗ ಶಿಕ್ಷಕರು ಮೃದುವಾಗಿರಬೇಕು. ಕಳೆದುಕೊಂಡವರ ಮನೆಯ ಮಗು ಅಲ್ಲಿಯೇ ಕುಳಿತಿರಬಹುದು.

ಭಾಷೆಯ ಅವಧಿಯಲ್ಲಿಯೂ ಈ ಪಾಠ ಮುಂದುವರಿಯಬಹುದು. 1956ರವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲಿತ್ತು. ದಂಡೆಯ ಎರಡೂ ಬದಿಯ ನುಡಿಗಳು ಮಕ್ಕಳ ಬಾಯಲ್ಲಿ ಕಲೆತಿರುವುದು ಸಹಜ. ಮಗು ‘ಪುಟ್ಟಿ’ ಎಂದಾಗ ತಿದ್ದುವ ಬದಲು, ಅದರ ಪಕ್ಕದಲ್ಲಿ ‘ಹರಿಗೋಲು’ ಎಂದು ಬರೆದು ಎರಡನ್ನೂ ಉಳಿಸುವುದು ಲೇಸು. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದು ದೇಹವನ್ನು ಒಂಬತ್ತು ರಂಧ್ರಗಳ ಹರಿಗೋಲಾಗಿ ಕಾಣುತ್ತದೆ. ತೇಪೆ ಹಾಕುವುದನ್ನು ನೋಡಿದ ಮಗುವಿಗೆ ಆ ರೂಪಕವನ್ನು ವಿವರಿಸಿ ಹೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ಇದೇ ಕಸುಬಿನವನೆಂದು ತಿಳಿಸಿದರೆ, ಅಂಬಿಗರ ಮನೆಯ ಮಗು ತಲೆಯೆತ್ತಿ ಕೂರುತ್ತದೆ.

ಚಟುವಟಿಕೆ: ಊರಿನ ಹಿರಿಯ ಅಂಬಿಗರೊಬ್ಬರನ್ನು ಶಾಲೆಗೆ ಕರೆಸಿ, ಅಥವಾ ಪೋಷಕರ ಒಪ್ಪಿಗೆ ಪಡೆದು ಮಕ್ಕಳನ್ನು ಕಡವಿಗೆ ಕರೆದೊಯ್ದು, ದಂಡೆಯ ಮೇಲೆ ಬೋರಲಾಗಿಟ್ಟ ಹರಿಗೋಲನ್ನು ತೋರಿಸುವುದು. ಅದರ ಪ್ರತಿ ಭಾಗಕ್ಕೆ, ಪ್ರತಿ ಸಲಕರಣೆಗೆ ಅವರು ಬಳಸುವ ಹೆಸರನ್ನು ಮಕ್ಕಳು ಕೇಳಿದಂತೆಯೇ ಬರೆದುಕೊಳ್ಳಲಿ. ಹಗ್ಗದಿಂದ ವ್ಯಾಸ ಅಳೆದು, ಅದು 5 ಸೆಂಟಿಮೀಟರ್ ಮುಳುಗಿದರೆ ಹೊರುವ ಭಾರವನ್ನು ಲೆಕ್ಕ ಹಾಕಲಿ. ಹಾಕಿದ ತೇಪೆಗಳನ್ನು ಎಣಿಸಿ, ಪ್ರತಿಯೊಂದೂ ಯಾವಾಗ, ಏಕೆ ಬಿತ್ತೆಂದು ವಿಚಾರಿಸಲಿ. ಯಾವ ಕಾರಣಕ್ಕೂ ಅಂದು ಮಕ್ಕಳನ್ನು ನೀರಿಗಿಳಿಸಬಾರದು, ಹರಿಗೋಲು ಹತ್ತಿಸಬಾರದು.