ಕರೆಂಟು ಬೇಡದ ಕಾರ್ಡ್ ಯಂತ್ರ

ಮಕ್ಕಳೇ, ಅಪ್ಪನನ್ನೋ ಅಮ್ಮನನ್ನೋ ಕೇಳಿಕೊಂಡು ಮನೆಯಲ್ಲಿರುವ ಕ್ರೆಡಿಟ್ ಕಾರ್ಡುಗಳನ್ನೆಲ್ಲ ಒಮ್ಮೆ ಮೇಜಿನ ಮೇಲೆ ಹರಡಿ. ಕಣ್ಣು ಮುಚ್ಚಿಕೊಂಡು ಒಂದೊಂದರ ಮೇಲೂ ಬೆರಳಾಡಿಸಿ. ಈಚೆಗೆ ಬಂದ ಕಾರ್ಡುಗಳು ಹೆಚ್ಚಾಗಿ ಗಾಜಿನ ಹಾಗೆ ನುಣುಪಾಗಿರುತ್ತವೆ. ಹಳೆಯದೊಂದು ಸಿಕ್ಕಿದರೆ ಅದರ ಅಂಕಿಗಳು ಬೆರಳಿಗೆ ತಾಗುತ್ತವೆ. ಹೀಗೆ ಮೇಲೆದ್ದು ನಿಂತ ಭಾಗಕ್ಕೆ ಕನ್ನಡದಲ್ಲಿ 'ಉಬ್ಬು' ಅಂತೀವಿ. ಅದರ ವಿರುದ್ಧ ಪದ 'ತಗ್ಗು'. ಈ ಉಬ್ಬನ್ನು ಯಾರೂ ಅಂದಕ್ಕೆ ಅಂತ ಮಾಡಿದ್ದಲ್ಲ. ಒಂದು ಕಾಲದಲ್ಲಿ ನಿಮ್ಮ ಜೇಬಿನ ಕಾರ್ಡೇ ಒಂದು ಅಚ್ಚಿನ ಮೊಳೆ ಆಗಿತ್ತು!

ಆ ಅಚ್ಚನ್ನು ಕಾಗದಕ್ಕೆ ಒತ್ತುವ ಕೈಯಂತ್ರ ಅಂಗಡಿಗಳ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಇರುತ್ತಿತ್ತು. ಅದರ ಹೆಸರು ಇಂಪ್ರಿಂಟರ್. ಇಲ್ಲಿ ಅಮೆರಿಕದಲ್ಲಿ ಜನ ಅದನ್ನು 'ಜಿಪ್-ಜ್ಯಾಪ್' ಅಂತಲೋ 'ನಕಲ್ ಬಸ್ಟರ್' ಅಂತಲೋ ಕರೆಯುತ್ತಿದ್ದರು. ಮೊದಲನೆಯ ಹೆಸರು ಅದು ಮಾಡುವ ಸದ್ದಿನದು. ಎರಡನೆಯದು, ಅವಸರದಲ್ಲಿ ಹಿಡಿ ಎಳೆದು ಬೆರಳ ಗೆಣ್ಣು ತರಚಿಕೊಂಡವರು ಇಟ್ಟಿದ್ದು. ಅಜ್ಜ ಅಜ್ಜಿ ವಿಡಿಯೋ ಕಾಲ್‌ಗೆ ಬಂದಾಗ ಕೇಳಿ ನೋಡಿ, ಅವರೂ ಎಲ್ಲಾದರೂ ಕಂಡಿರಬಹುದು.

ಕಾರ್ಡಿಗಿಂತ ಈ ಉಪಾಯವೇ ಹಳೆಯದು. ಒಂದೇ ವಿಳಾಸವನ್ನು ಮತ್ತೆ ಮತ್ತೆ ಕೈಯಲ್ಲಿ ಬರೆಯುವ ಕಷ್ಟ ತಪ್ಪಿಸಲು ಅಯೋವಾ ರಾಜ್ಯದ ಜೋಸೆಫ್ ಸ್ಮಿತ್ ಡಂಕನ್ ಎಂಬಾತ 1896ರಲ್ಲಿ ಅಡ್ರೆಸೋಗ್ರಾಫ್ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದ. ಆಮೇಲೆ 1930ರ ದಶಕದಿಂದ ದೊಡ್ಡ ಅಂಗಡಿಗಳು ಖಾಯಂ ಗಿರಾಕಿಗಳಿಗೆ 'ಚಾರ್ಗಾ-ಪ್ಲೇಟ್' ಎಂಬ ಪುಟ್ಟ ಲೋಹದ ತಟ್ಟೆ ಕೊಡತೊಡಗಿದವು. ಅದರ ಮೇಲೆ ಗಿರಾಕಿಯ ಹೆಸರು, ಊರು ಉಬ್ಬಾಗಿ ಇರುತ್ತಿದ್ದವು. ಸಾಲದ ಚೀಟಿಯ ಮೇಲೆ ಅದನ್ನು ಒತ್ತಿದರೆ ಮುಗೀತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ತನ್ನ ಬ್ಯಾಂಕ್ಅಮೆರಿಕಾರ್ಡನ್ನು ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಿನಲ್ಲಿ ಸುಮಾರು 60,000 ಜನಕ್ಕೆ, ಅವರು ಕೇಳದಿದ್ದರೂ, ಅಂಚೆಯಲ್ಲಿ ಕಳಿಸಿತು. ಇವತ್ತಿನ 'ವೀಸಾ' ಅದೇ. ಲೋಹದ ತಟ್ಟೆಯ ಕೆಲಸ ಮುಂದೆ ಪ್ಲಾಸ್ಟಿಕ್ ಕಾರ್ಡಿನ ಪಾಲಿಗೆ ಬಂತು.

ಈಗ ಯಂತ್ರದ ಒಳಗೆ ಏನಿದೆ ನೋಡೋಣ. ನಿಜ ಹೇಳಬೇಕೆಂದರೆ 'ಒಳಗೆ' ಅಂತ ಏನೂ ಇಲ್ಲ, ಎಲ್ಲ ಕಣ್ಣಿಗೆ ಕಾಣುವ ಹಾಗೇ ಇದೆ. ಭಾರವಾದ ಒಂದು ತಳ. ಅದರಲ್ಲಿ ಕಾರ್ಡು ಸರಿಯಾಗಿ ಕೂರುವಷ್ಟು ಒಂದು ತಗ್ಗು. ಪಕ್ಕದಲ್ಲಿ ಅಂಗಡಿಯ ಹೆಸರು, ಖಾತೆ ನಂಬರು ಉಬ್ಬಾಗಿರುವ ಒಂದು ಪಟ್ಟಿ. ಇದನ್ನು ಒಮ್ಮೆ ಕೂರಿಸಿದರೆ ಅಲ್ಲೇ ಇರುತ್ತದೆ. ಕೆಲವು ಯಂತ್ರಗಳಲ್ಲಿ ತಾರೀಖಿಗೆ ಅಂತ ತಿರುಗಿಸುವ ಪುಟ್ಟ ಚಕ್ರಗಳೂ ಇರುತ್ತವೆ. ಇದೆಲ್ಲದರ ಮೇಲೆ, ತಳದ ಎರಡು ಅಂಚುಗಳನ್ನು ಹಿಡಿದುಕೊಂಡು ಅತ್ತಿತ್ತ ಜಾರುವ ಒಂದು ಹಿಡಿ. ಹಿಡಿಯ ಕೆಳಗೆ ಉರುಳೆ, ಅಂದರೆ ರೋಲರ್. ಕಾರ್ಡು ಇಟ್ಟು, ಅದರ ಮೇಲೆ ಚೀಟಿ ಇಟ್ಟು, ಹಿಡಿಯನ್ನು ಆ ಕಡೆಗೆ ಎಳೆದು ಈ ಕಡೆಗೆ ತಂದರೆ, ಕರ್ ಕರಕ್, ಕೆಲಸ ಆಯಿತು. ಬ್ಯಾಟರಿ ಇಲ್ಲ, ತಂತಿ ಇಲ್ಲ.

ಒಂದು ಪ್ರಶ್ನೆ ಕೇಳ್ತೀನಿ. ರಬ್ಬರ್ ಸ್ಟಾಂಪನ್ನು ತಿರುಗಿಸಿ ನೋಡಿದರೆ ಅದರಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಇರುತ್ತವೆ. ಕಾರ್ಡಿನಲ್ಲಿ ಮಾತ್ರ ನೇರವಾಗಿಯೇ ಇವೆ. ಆದರೂ ಚೀಟಿಯಲ್ಲಿ ಹೆಸರು ಸರಿಯಾಗಿ ಮೂಡುವುದು ಹೇಗೆ? ಸ್ಟಾಂಪು ಮೇಲಿನಿಂದ ಬಂದು ಕಾಗದದ ಮುಖಕ್ಕೆ ಮುಖ ಒತ್ತುತ್ತದೆ, ಆದ್ದರಿಂದ ಎಡ ಬಲ ಅದಲುಬದಲಾಗುತ್ತವೆ. ಇಂಪ್ರಿಂಟರಿನಲ್ಲಿ ಕಾರ್ಡು ಕಾಗದದ ಕೆಳಗೆ ಇದೆ, ನಾವು ಓದುವುದು ಮೇಲಿನಿಂದ. ಕಾರ್ಡನ್ನು ಕಾಗದದ ಮೂಲಕ ನೋಡಿದ ಹಾಗೆ. ಒಂದು ಕ್ವಾರ್ಟರ್ ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ನೋಡಿ, ಅಕ್ಷರ ನೇರ ಬರುತ್ತವೆ. ಅದೇ ನಾಣ್ಯವನ್ನು ಚಪಾತಿ ಹಿಟ್ಟಿನ ಉಂಡೆಗೆ ಒತ್ತಿ ನೋಡಿ, ತಿರುಗಾಮುರುಗಾ! (ಆ ಉಂಡೆಯನ್ನು ಆಮೇಲೆ ಅಮ್ಮನಿಗೆ ವಾಪಸ್ ಕೊಡಬೇಡಿ.)

ಇನ್ನು ಉರುಳೆ. ಕಾಗದದ ಮೇಲೆ ಒಂದು ಚಪ್ಪಟೆ ಹಲಗೆ ಇಟ್ಟು ಒತ್ತಿದ್ದರೆ ಆಗುತ್ತಿರಲಿಲ್ಲವೇ? ಲೆಕ್ಕ ಮಾಡೋಣ. ಕಾರ್ಡಿನ ಉದ್ದ 85.60 ಮಿಲಿಮೀಟರ್, ಅಗಲ 53.98. ಅಂದರೆ ಸುಮಾರು 4,620 ಚದರ ಮಿಲಿಮೀಟರ್ ಜಾಗ. ಹಲಗೆಯಿಂದ ಒತ್ತಿದರೆ ನಿಮ್ಮ ಕೈಯ ಬಲ ಅಷ್ಟೂ ಜಾಗಕ್ಕೆ ಹಂಚಿಹೋಗುತ್ತದೆ. ಉರುಳೆ ಒಂದು ಸಲಕ್ಕೆ ಮುಟ್ಟುವುದು ಒಂದು ಗೆರೆಯಷ್ಟು ಜಾಗವನ್ನು ಮಾತ್ರ. ಆ ಗೆರೆ 2 ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಂಡರೂ ಆಯಿತು 108 ಚದರ ಮಿಲಿಮೀಟರ್. ಅದೇ ಬಲಕ್ಕೆ ಒತ್ತಡ ನಲವತ್ತು ಪಟ್ಟಿಗೂ ಹೆಚ್ಚು! ನಿಮ್ಮ ಮನೆಯ ಲಟ್ಟಣಿಗೆ ಮಾಡುವುದೂ ಇದನ್ನೇ. ಇಡೀ ಉಂಡೆಯನ್ನು ತಟ್ಟೆಯಿಂದ ಒತ್ತಿ ಚಪಾತಿ ಮಾಡಲು ಹೋದರೆ ತೋಳು ಸೋಲುತ್ತದೆ, ಲಟ್ಟಣಿಗೆಯಿಂದ ಗೆರೆ ಗೆರೆಯಾಗಿ ಸುಲಭ.

ಆದರೆ ಅಂಗಡಿಯವರು ಹಿಡಿಯನ್ನು ಕೆಳಕ್ಕೆ ಒತ್ತುತ್ತಲೇ ಇರಲಿಲ್ಲ, ಬರೀ ಅಡ್ಡಕ್ಕೆ ಎಳೆಯುತ್ತಿದ್ದರು. ಹಾಗಾದರೆ ಒತ್ತಡ ಎಲ್ಲಿಂದ ಬಂತು? ನನಗೆ ಈ ಯಂತ್ರದಲ್ಲಿ ತುಂಬಾ ಇಷ್ಟವಾಗುವ ಜಾಣತನ ಇದೇ. ಉರುಳೆಗೂ ತಳಕ್ಕೂ ನಡುವೆ ಬಿಟ್ಟಿರುವ ಸಂದು, ಕಾರ್ಡಿನ ಉಬ್ಬು ಮತ್ತು ಚೀಟಿ ಎರಡೂ ಸೇರಿದ ದಪ್ಪಕ್ಕಿಂತ ಒಂದು ಕೂದಲೆಳೆಯಷ್ಟು ಕಡಿಮೆ. ಉರುಳೆ ಪ್ರತಿ ಅಂಕಿಯನ್ನೂ ಪುಟ್ಟ ದಿಣ್ಣೆ ಹತ್ತಿದಂತೆ ಹತ್ತಿ ಇಳಿಯಬೇಕು. ಮೇಲಕ್ಕೆ ಏಳೋಣ ಅಂದರೆ ಹಿಡಿ ತಳದ ಅಂಚುಗಳಿಗೆ ಕೊಂಡಿ ಹಾಕಿಕೊಂಡಿದೆ, ಬಿಡುವುದಿಲ್ಲ. ಹೀಗೆ ಅಡ್ಡ ಎಳೆತವೇ ಕೆಳಮುಖದ ಒತ್ತಡವಾಗಿ ಬದಲಾಗುತ್ತದೆ. ಗಟ್ಟಿಮುಟ್ಟಾದವರು ಎಳೆದರೂ ಅಷ್ಟೇ, ನಿಮ್ಮಂಥ ಮಕ್ಕಳು ಎಳೆದರೂ ಅಷ್ಟೇ, ಅಚ್ಚು ಹೆಚ್ಚು ಕಡಿಮೆ ಒಂದೇ ಥರ ಬರುತ್ತದೆ.

ಉರುಳೆ ಉರುಳದೆ ಬರೀ ಉಜ್ಜಿಕೊಂಡು ಹೋದರೆ ಕಾಗದ ಸರಿದು ಮಸಿ ಬಳಿದ ಹಾಗೆ ಆಗುತ್ತದೆ. ಉರುಳೆ ತುಂಬಾ ಮೆತ್ತಗಿದ್ದರೆ ಅಂಕಿಗಳ ನಡುವಿನ ತಗ್ಗಿಗೂ ಇಳಿದು ಎಲ್ಲ ಕಪ್ಪು ಮಾಡುತ್ತದೆ. ತುಂಬಾ ಗಟ್ಟಿಯಾದರೆ ಸ್ವಲ್ಪ ಸವೆದ ಅಂಕಿ ಮೂಡುವುದೇ ಇಲ್ಲ. ಕಾರ್ಡಿನ ದಪ್ಪ ಪ್ರಪಂಚದಲ್ಲೆಲ್ಲಾ 0.76 ಮಿಲಿಮೀಟರ್ ಇರಬೇಕು, ಉಬ್ಬು ಅರ್ಧ ಮಿಲಿಮೀಟರಿನ ಆಸುಪಾಸು ಇರಬೇಕು ಅಂತ ಅಂತರರಾಷ್ಟ್ರೀಯ ನಿಯಮ ಮಾಡಿದ್ದಾರೆ. ಯಾವ ಬ್ಯಾಂಕಿನ ಕಾರ್ಡೂ ಯಾವ ಅಂಗಡಿಯ ಯಂತ್ರದಲ್ಲೂ ಕೂರಬೇಕಲ್ಲ?

ಚೀಟಿ ಒಂದು ಹಾಳೆ ಅಲ್ಲ, ಸಾಮಾನ್ಯವಾಗಿ ಮೂರು: ಗಿರಾಕಿಗೊಂದು, ಅಂಗಡಿಗೊಂದು, ಬ್ಯಾಂಕಿಗೊಂದು. ನಡುವೆ ಕಾರ್ಬನ್ ಹಾಳೆಗಳು. ಆಮೇಲೆ ಎನ್‌ಸಿಆರ್ ಕಂಪನಿ 1950ರ ದಶಕದಲ್ಲಿ ಕಂಡುಹಿಡಿದ, ಕಾರ್ಬನ್ ಬೇಡದ ಕಾಗದವೂ ಬಳಕೆಗೆ ಬಂತು. ಅದರ ಬೆನ್ನಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಣ್ಣದ ಗುಳಿಗೆಗಳು ಅಂಟಿರುತ್ತವೆ. ಒತ್ತಿದ ಜಾಗದಲ್ಲಿ ಅವು ಒಡೆದು ಕೆಳಗಿನ ಹಾಳೆಯಲ್ಲಿ ಬಣ್ಣ ಮೂಡುತ್ತದೆ.

ಅಂಕಿಗಳ ಆಕಾರವನ್ನೂ ಸುಮ್ಮನೆ ಆರಿಸಲಿಲ್ಲ. ಡೇವಿಡ್ ಶೆಪರ್ಡ್ ಎಂಬ ಸಂಶೋಧಕರು ಅಕ್ಷರ ಓದುವ ಯಂತ್ರಗಳನ್ನು ಕಟ್ಟುತ್ತಿದ್ದರು. ಗ್ಯಾಸ್ ಸ್ಟೇಷನ್ನುಗಳಿಂದ ಬರುವ ಚೀಟಿಗಳಲ್ಲಿ ಮಸಿ ಹರಡಿಕೊಂಡಿದ್ದರೂ ಯಂತ್ರಕ್ಕೆ ಗೊತ್ತಾಗಬೇಕು ಅಂತ ಅವರು ಸರಳವಾದ, ಒಳಗೆ ಬಯಲು ಬಿಟ್ಟ ಅಂಕಿಗಳನ್ನು ರೂಪಿಸಿದರು. ಫ್ಯಾರಿಂಗ್ಟನ್ ಅಂತ ಅವುಗಳ ಹೆಸರು. ಉಬ್ಬು ಕಾರ್ಡುಗಳಲ್ಲಿ ಇಂದಿಗೂ ಅದೇ ಮನೆತನದ ಅಂಕಿಗಳು.

ಇಷ್ಟೊಂದು ಕಾಳಜಿ ಯಾಕೆ ಅಂದರೆ, ಆ ಚೀಟಿಯೇ ದುಡ್ಡು. ಸಾಮಾನು ಗಿರಾಕಿಯ ಜೊತೆ ಹೋಯಿತು, ಅಂಗಡಿಯವರ ಕೈಯಲ್ಲಿ ಉಳಿದದ್ದು ಅಚ್ಚು ಮತ್ತು ಸಹಿ ಅಷ್ಟೇ. ನಂಬರು ಓದಲು ಬಾರದಿದ್ದರೆ ಬ್ಯಾಂಕು ಯಾರ ಖಾತೆಯಿಂದ ಹಣ ತರಬೇಕು? ಒಂದು ವೇಳೆ ಗಿರಾಕಿ 'ನಾನು ಆ ಅಂಗಡಿಗೆ ಹೋಗೇ ಇಲ್ಲ' ಅಂದರೆ, ಕಾರ್ಡು ಅಲ್ಲಿಗೆ ಬಂದಿತ್ತು ಅನ್ನೋದಕ್ಕೆ ಆ ಅಚ್ಚೇ ಸಾಕ್ಷಿ. ಹಾಗಂತ ಕಾರ್ಡು ಕದ್ದದ್ದೋ ಅಲ್ಲವೋ ಅಂತ ಹೇಳಲು ಯಂತ್ರಕ್ಕೆ ಗೊತ್ತಿರಲಿಲ್ಲ. ಅದಕ್ಕೆ ಬ್ಯಾಂಕುಗಳು ಕೆಟ್ಟ ನಂಬರುಗಳ ಪಟ್ಟಿಯನ್ನು ಪುಸ್ತಕದ ಹಾಗೆ ಅಚ್ಚುಹಾಕಿ ಅಂಗಡಿಗಳಿಗೆ ಕಳಿಸುತ್ತಿದ್ದವು. ಗೊತ್ತುಮಾಡಿದ ಮೊತ್ತ ದಾಟಿದರೆ ಫೋನ್ ಮಾಡಿ ಒಪ್ಪಿಗೆ ಕೇಳಬೇಕಿತ್ತು. ಹಿಂದೆ ಸಾಲು ಬೆಳೆಯುತ್ತಾ ಹೋಗುತ್ತಿತ್ತು ಅಂತ ಬೇರೆ ಹೇಳಬೇಕಿಲ್ಲ.

ಇನ್ನೊಂದು ತೊಂದರೆಯೂ ಇತ್ತು. ಕಸದ ಬುಟ್ಟಿಗೆ ಎಸೆದ ಕಾರ್ಬನ್ ಹಾಳೆಯಲ್ಲಿ ಪೂರ್ತಿ ನಂಬರು, ಹೆಸರು ಎಲ್ಲಾ ಉಳಿದಿರುತ್ತಿತ್ತು! ಕಳ್ಳರು ಅದನ್ನು ಹೆಕ್ಕಿಕೊಂಡು ಹೋಗುತ್ತಿದ್ದರು. ತಿಳಿದವರು ಕಾರ್ಬನ್ನನ್ನು ಕೇಳಿ ಪಡೆದು ತಾವೇ ಹರಿದುಹಾಕುತ್ತಿದ್ದರು.

ಕಾರ್ಡಿನ ಬೆನ್ನಿಗೆ ಕಪ್ಪು ಮ್ಯಾಗ್ನೆಟಿಕ್ ಪಟ್ಟಿ ಬಂದದ್ದು 1960ರ ದಶಕದ ಕೆಲಸದ ಫಲ. ಐಬಿಎಂನ ಫಾರೆಸ್ಟ್ ಪ್ಯಾರಿಗೆ ಟೇಪನ್ನು ಪ್ಲಾಸ್ಟಿಕ್ಕಿಗೆ ಅಂಟಿಸುವುದು ಹೇಗೆಂದು ಹೊಳೆಯದಿದ್ದಾಗ, ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅವರ ಹೆಂಡತಿ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿ ನೋಡಿ ಅಂದರಂತೆ. ಅಂಟಿತು. ಮುಂದೆ 1980ರ ದಶಕದಲ್ಲಿ ಫೋನ್ ತಂತಿಗೆ ಜೋಡಿಸಿದ ಸಣ್ಣ ಯಂತ್ರಗಳು ಅಂಗಡಿಗಳಿಗೆ ಬಂದವು, ನಮ್ಮ ಕೈಯಂತ್ರ ಮೇಜಿನ ಕೆಳಗೆ ಹೋಯಿತು. ಕರೆಂಟು ಹೋದ ದಿನ, ಫೋನ್ ಲೈನ್ ಕೆಟ್ಟ ದಿನ ಮತ್ತೆ ಹೊರಗೆ ಬರುತ್ತಿತ್ತು. ಈಗ ಅದೂ ಕಷ್ಟ. ಕಾರ್ಡೇ ಚಪ್ಪಟೆಯಾದ ಮೇಲೆ ಉರುಳೆ ಹತ್ತಿ ಇಳಿಯಲು ದಿಣ್ಣೆ ಎಲ್ಲಿದೆ?

ಮನೆಯಲ್ಲಿ ಮಾಡಿ ನೋಡಲು ಒಂದು ಕೆಲಸ. ದಪ್ಪ ರಟ್ಟಿನ ಮೇಲೆ ನಿಮ್ಮ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬಿಳಿ ಅಂಟಿನಿಂದ ಬರೆದು ಒಂದು ರಾತ್ರಿ ಒಣಗಲು ಬಿಡಿ. ಬೆಳಿಗ್ಗೆ ಅದರ ಮೇಲೆ ಬಿಳಿ ಹಾಳೆ, ಅದರ ಮೇಲೆ ಮಸಿಯ ಮುಖ ಕೆಳಗಾಗಿ ಕಾರ್ಬನ್ ಹಾಳೆ ಇಟ್ಟು ಲಟ್ಟಣಿಗೆ ಉರುಳಿಸಿ. ಕನ್ನಡದಲ್ಲಿ 'ಒತ್ತು' ಅಂದರೆ ಅದುಮು ಅಂತಲೂ ಹೌದು, ಅಕ್ಷರದ ಕೆಳಗೆ ಬರುವ ಒತ್ತಕ್ಷರವೂ ಹೌದು. ನಿಮ್ಮ ಹೆಸರಿನಲ್ಲಿ ಒತ್ತು ಇದ್ದರೆ ಅದು ಸ್ಪಷ್ಟವಾಗಿ ಮೂಡಿತೇ ಅಂತ ಮೊದಲು ಅದನ್ನೇ ನೋಡಿ, ಸಣ್ಣದಾಗಿರುವುದರಿಂದ ಅದೇ ಮೊದಲು ಕಲಸಿಹೋಗುವುದು. ಚೆನ್ನಾಗಿ ಬಂದ ಹಾಳೆಯನ್ನು ಮುಂದಿನ ಭಾನುವಾರ ಕ್ಲಾಸಿಗೆ ತನ್ನಿ. ನಿಜವಾದ ಕಾರ್ಡಿನ ಮೇಲೆ ಮಾತ್ರ ಈ ಪ್ರಯೋಗ ಬೇಡ. ಯಾಕೆ ಅಂತ ಈಗ ನಿಮಗೇ ಗೊತ್ತು.