ಒಂದು ಮತದ ಅಂತರ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವ ದಾರಿಯಲ್ಲಿ ಪಾಲಾರ್ ಎಂಬ ಪುಟ್ಟ ಊರೊಂದಿದೆ. ಸುತ್ತಲೂ ಕಾಡು, ಊರಿನ ಹೆಸರನ್ನೇ ಹೊತ್ತ ಹೊಳೆಯು ಅಲ್ಲಿ ಹರಿದು ಕಾವೇರಿಯನ್ನು ಕೂಡುತ್ತದೆ. ಹೊಳೆಯಾಚೆಗೆ ತಮಿಳುನಾಡು. ಭೂಪಟದ ಮೇಲೆ ಬೆರಳಿಟ್ಟು ಹುಡುಕಿದರೆ ಕರ್ನಾಟಕದ ಅಂಚಿನ ಗೆರೆಯ ಮೇಲೆಯೇ ಬೆರಳು ನಿಲ್ಲುತ್ತದೆ. ಈ ಗೆರೆಯಾದರೂ ಬಹಳ ಹಳೆಯದಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲದ ಸೀಮೆಯೆಲ್ಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ ಈ ಸೀಮೆಯ ಕನ್ನಡಿಗರು ತಮ್ಮ ಪ್ರತಿನಿಧಿಗಳನ್ನು ಕಳುಹಿಸಿದ್ದು ಬೆಂಗಳೂರಿಗಲ್ಲ, ಮದರಾಸಿಗೆ. ಪಕ್ಕದ ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿತ್ತು; ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು ಅದು.

ಇಂತಹ ಅಂಚಿನ ಊರಿನ ಮಾತು ದಿಲ್ಲಿಯವರೆಗೆ ಹೋಗಿ ಮುಟ್ಟುವುದು ಹೇಗೆ? ಅದಕ್ಕೊಂದು ಏಣಿಯುಂಟು. ಕೆಳಗಿನ ಮೆಟ್ಟಿಲು ಗ್ರಾಮ ಪಂಚಾಯಿತಿ. ಅದರ ಮೇಲೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳು. ಅವುಗಳ ಮೇಲೆ ಹನೂರು ವಿಧಾನಸಭಾ ಕ್ಷೇತ್ರ. ಎಲ್ಲಕ್ಕಿಂತ ಮೇಲೆ ಚಾಮರಾಜನಗರ ಲೋಕಸಭಾ ಕ್ಷೇತ್ರ. ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆಗಳ ಜೊತೆಗೆ ಮೈಸೂರು ಜಿಲ್ಲೆಯ ನಂಜನಗೂಡು, ವರುಣ, ತಿ. ನರಸೀಪುರ, ಹೆಗ್ಗಡದೇವನಕೋಟೆಗಳೂ ಕೂಡಿ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿ ಒಬ್ಬ ಸದಸ್ಯನನ್ನು ಸಂಸತ್ತಿಗೆ ಆರಿಸುತ್ತವೆ. ಈ ಕ್ಷೇತ್ರವು ಪರಿಶಿಷ್ಟ ಜಾತಿಗಳವರಿಗೆ ಮೀಸಲು. ಶತಮಾನಗಳ ಕಾಲ ಊರ ಬಾವಿಯಿಂದ ದೂರವಿರಿಸಲ್ಪಟ್ಟವರು ಊರಿನ ಪರವಾಗಿ ಮಾತನಾಡುವ ಹಕ್ಕನ್ನು ಪಡೆದದ್ದು ಸಣ್ಣ ಸಂಗತಿಯಲ್ಲ.

ಬೇರೆ ದೇಶಗಳಲ್ಲಿಯೂ ಇಂತಹ ಏಣಿಗಳಿವೆ. ಸ್ವಿಟ್ಜರ್ಲೆಂಡ್ ದೇಶದಲ್ಲಿ ಊರಿನ ಆಡಳಿತ, ಅದರ ಮೇಲೆ ಕ್ಯಾಂಟನ್ ಎಂದು ಕರೆಯುವ ಪ್ರಾಂತದ ಆಡಳಿತ, ಅದರ ಮೇಲೆ ಒಕ್ಕೂಟದ ಆಡಳಿತ ಎಂದು ಮೂರು ನೆಲೆಗಳು. ಅಲ್ಲಿನ ರಾಜಕಾರಣಿಗಳಲ್ಲಿ ಅನೇಕರು ಊರಿನ ಸಭೆಯಲ್ಲಿ ನೀರು, ರಸ್ತೆ, ಶಾಲೆಗಳ ಲೆಕ್ಕ ನೋಡಿ ಪಳಗಿ, ಪ್ರಾಂತದ ಹೊಣೆ ಹೊತ್ತು, ಅನಂತರವೇ ಏಳು ಮಂದಿಯ ರಾಷ್ಟ್ರೀಯ ಮಂತ್ರಿಮಂಡಲದವರೆಗೆ ಏರುತ್ತಾರೆ. ಆ ಕ್ರಮ ಮೆಚ್ಚತಕ್ಕದ್ದೇ. ಆದರೆ ಅಲ್ಲಿನ ಸ್ತ್ರೀಯರಿಗೆ ರಾಷ್ಟ್ರದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ದೊರೆತದ್ದು 1971ರಲ್ಲಿ ಎಂಬುದನ್ನು ಮರೆಯಬಾರದು. ನಮ್ಮ ಅಜ್ಜಿಯರು ಅದಕ್ಕೆ ಸುಮಾರು ಇಪ್ಪತ್ತು ವರ್ಷಗಳ ಮೊದಲೇ ಮತ ಹಾಕಿದ್ದರು. ಕರ್ನಾಟಕದಲ್ಲಿ ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಗಟ್ಟಿಮಾಡಿದವರಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಮುಖ್ಯರು. ಅವರು ರೂಪಿಸಿದ ಪಂಚಾಯತ್ ರಾಜ್ ಕಾನೂನಿನಂತೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಸ್ತ್ರೀಯರಿಗೆಂದೇ ಸ್ಥಾನಗಳನ್ನು ಮೀಸಲಿಡಲಾಗಿತ್ತು.

ಚಾಮರಾಜನಗರದ ಸೀಮೆಯಿಂದ ಈ ಏಣಿಯನ್ನು ಹತ್ತಿದ ಹಿರಿಯರಲ್ಲಿ ಆಲೂರಿನ ಬಿ. ರಾಚಯ್ಯನವರ ಹೆಸರು ಮೊದಲು ನೆನಪಿಗೆ ಬರುತ್ತದೆ. ರಾಜ್ಯದ ಶಾಸನಸಭೆಯಲ್ಲಿ ದೀರ್ಘಕಾಲ ಇದ್ದು, ಮಂತ್ರಿಗಳಾಗಿ, 1977ರಲ್ಲಿ ಲೋಕಸಭೆಗೆ ಆಯ್ಕೆಯಾಗಿ, ಕೊನೆಗೆ ಹಿಮಾಚಲ ಪ್ರದೇಶ ಹಾಗೂ ಕೇರಳಗಳ ರಾಜ್ಯಪಾಲರಾದವರು ಅವರು. ಅವರ ಅನಂತರದ ತಲೆಮಾರಿನ ಇಬ್ಬರ ನಡುವೆ 2004ರಲ್ಲಿ ನಡೆದ ಸ್ಪರ್ಧೆಯನ್ನು ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಚಾಮರಾಜನಗರ ತಾಲ್ಲೂಕಿನ ಹೆಗ್ಗವಾಡಿಯಲ್ಲಿ 1961ರಲ್ಲಿ ಹುಟ್ಟಿದ ಆರ್. ಧ್ರುವನಾರಾಯಣ ಅವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಓದಿ ಕೃಷಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ವಿದ್ಯಾರ್ಥಿಯಾಗಿದ್ದಾಗಲೇ ರಾಜಕೀಯದ ಒಲವು ಹತ್ತಿತ್ತು. 2004ರ ವಿಧಾನಸಭಾ ಚುನಾವಣೆಯಲ್ಲಿ ಅವರು ಸಂತೇಮರಹಳ್ಳಿ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತರು. ಎದುರಿಗೆ ನಿಂತವರು ಜನತಾದಳ (ಜಾತ್ಯತೀತ) ಪಕ್ಷದ ಎ. ಆರ್. ಕೃಷ್ಣಮೂರ್ತಿ, ಅದೇ ರಾಚಯ್ಯನವರ ಪುತ್ರರು. ಮತಗಳ ಎಣಿಕೆ ಮುಗಿದಾಗ ಕೃಷ್ಣಮೂರ್ತಿಯವರಿಗೆ 40,751 ಮತಗಳು ಬಂದಿದ್ದವು. ಧ್ರುವನಾರಾಯಣ ಅವರಿಗೆ 40,752.

ಈ ಎರಡು ಸಂಖ್ಯೆಗಳನ್ನು ಮತ್ತೊಮ್ಮೆ ಓದಿ ನೋಡಿ. ಇಬ್ಬರಿಗೂ ಸೇರಿ ಬಿದ್ದದ್ದು 81,503 ಮತ. ಅದರಲ್ಲಿ ಅಂತರ ಒಂದು. ಆ ಒಂದು ಮತವೂ ಇಲ್ಲದೆ ಇಬ್ಬರೂ ಸಮಸಮನಾಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೂ ಕಾನೂನಿನಲ್ಲಿ ಉತ್ತರವಿದೆ. 1951ರ ಜನತಾ ಪ್ರಾತಿನಿಧ್ಯ ಕಾಯಿದೆಯಂತೆ ಅಂತಹ ಸಂದರ್ಭದಲ್ಲಿ ಚುನಾವಣಾಧಿಕಾರಿಯು ಚೀಟಿ ಎತ್ತಬೇಕು. ಚೀಟಿ ಯಾರ ಹೆಸರಿಗೆ ಬರುತ್ತದೆಯೋ ಅವರಿಗೆ ಇನ್ನೊಂದು ಮತ ಹೆಚ್ಚಾಗಿ ಬಂದಂತೆ ಭಾವಿಸಿ ಅವರನ್ನೇ ಗೆದ್ದವರೆಂದು ಸಾರಬೇಕು. ಎಂಬತ್ತು ಸಾವಿರ ಜನರ ಅಭಿಪ್ರಾಯವು ನಿರ್ಣಯಿಸಲಾರದ್ದನ್ನು ಒಂದು ಕಾಗದದ ಚೂರು ನಿರ್ಣಯಿಸುತ್ತಿತ್ತು. ಸಂತೇಮರಹಳ್ಳಿಯಲ್ಲಿ ಹಾಗಾಗದೆ ಉಳಿದದ್ದು ಒಬ್ಬ ಮತದಾರನಿಂದ. ಆತನಾರು, ಆಕೆಯಾರು? ಮತದಾನ ಗುಪ್ತವಾದ್ದರಿಂದ ಅದನ್ನು ಯಾರೂ ಹೇಳಲಾರರು. ಗೆದ್ದವರಿಗೆ ಮತವಿತ್ತ 40,752 ಮಂದಿಯಲ್ಲಿ ಪ್ರತಿಯೊಬ್ಬರೂ 'ಅದು ನನ್ನದೇ' ಎಂದು ಹೇಳಿಕೊಳ್ಳಬಹುದು, ಹೇಳಿದರೆ ಸುಳ್ಳಾಗದು.

ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೇ ಆ ದಿನ ಮತ ಹಾಕಲು ಬಿಡುವು ಸಿಗಲಿಲ್ಲವೆಂಬ ಮಾತು ಆಗ ಹುಟ್ಟಿಕೊಂಡಿತು. ಪತ್ರಿಕೆಗಳಲ್ಲಿಯೂ ಅದು ಬಂತು. ಇಂದಿಗೂ ಚುನಾವಣೆಯ ಕಾಲಕ್ಕೆ ಜನ ಅದನ್ನು ನೆನೆಯುತ್ತಾರೆ. ಕಥೆ ಸ್ವಾರಸ್ಯವಾಗಿದೆ ನಿಜ. ಆದರೆ ಇಡೀ ಸೋಲಿನ ಭಾರವನ್ನು ದುಡಿಯುವ ಒಬ್ಬ ಮನುಷ್ಯನ ತಲೆಗೆ ಕಟ್ಟುವುದು ನನಗೆ ನ್ಯಾಯವೆಂದು ತೋರುವುದಿಲ್ಲ. ಆ ದಿನ ಮನೆಯಲ್ಲಿಯೇ ಉಳಿದವರು, ಹೊಲದ ಕೆಲಸ ಬಿಡಲಾರದವರು, ಕೂಲಿಗೆಂದು ಪರ ಊರಿಗೆ ಹೋದವರು ಎಷ್ಟು ಮಂದಿ ಇದ್ದರೋ! ಅವರಲ್ಲಿ ಯಾರೇ ಬಂದಿದ್ದರೂ ಫಲಿತಾಂಶ ಬೇರೆಯಾಗಬಹುದಿತ್ತು. ಅವರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಒಂದು ಮತದ ಮಾತು ಹಳ್ಳಿಯ ಸ್ಪರ್ಧೆಗೆ ಮಾತ್ರ ಸೇರಿದ್ದಲ್ಲ. 1999ರ ಏಪ್ರಿಲ್ 17ರಂದು ಲೋಕಸಭೆಯಲ್ಲಿ ಅಟಲ ಬಿಹಾರಿ ವಾಜಪೇಯಿಯವರ ಸರಕಾರವು ವಿಶ್ವಾಸಮತ ಕೋರಿದಾಗ ಪರವಾಗಿ 269, ವಿರುದ್ಧವಾಗಿ 270 ಮತಗಳು ಬಿದ್ದು ದೇಶದ ಸರಕಾರವೇ ಉರುಳಿತು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿಯೂ ಒಬ್ಬ ಪ್ರಮುಖ ನಾಯಕರು ಒಂದೇ ಮತದಿಂದ ಸೋತರು.

ಧ್ರುವನಾರಾಯಣ ಅವರ ಮುಂದಿನ ಜೀವನವೆಲ್ಲ ಆ ಒಂದು ಮತದಿಂದ ಬೆಳೆದದ್ದು. ಕ್ಷೇತ್ರಗಳ ಪುನರ್ವಿಂಗಡಣೆಯಿಂದ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಗಲು, 2008ರಲ್ಲಿ ಅವರು ಕೊಳ್ಳೇಗಾಲದಿಂದ ನಿಂತು ಗೆದ್ದರು. ಯಳಂದೂರೂ ಈಗ ಆ ಕ್ಷೇತ್ರದಲ್ಲಿಯೇ ಇದೆ. ಮರುವರ್ಷವೇ ಲೋಕಸಭೆಯ ಚುನಾವಣೆ ಬಂತು. ಎದುರಾಳಿ ಮತ್ತೆ ಕೃಷ್ಣಮೂರ್ತಿಯವರೇ. ಈ ಬಾರಿ ಭಾರತೀಯ ಜನತಾ ಪಕ್ಷದಿಂದ. ಅಂತರ ಸುಮಾರು ನಾಲ್ಕು ಸಾವಿರ. 2014ರಲ್ಲಿ ಮೂರನೆಯ ಸಲ ಇಬ್ಬರೂ ಎದುರಾದಾಗ ಅಂತರವು 1,40,000ವನ್ನು ಮೀರಿತು. ಒಂದರಿಂದ ನಾಲ್ಕು ಸಾವಿರಕ್ಕೆ, ನಾಲ್ಕು ಸಾವಿರದಿಂದ ಲಕ್ಷಕ್ಕೆ! ಹೀಗೆ ಹಿಗ್ಗುವ ಅಂತರ ಕುಗ್ಗುವುದೂ ಉಂಟು. 2019ರಲ್ಲಿ ಅವರು ವಿ. ಶ್ರೀನಿವಾಸ ಪ್ರಸಾದ್ ಅವರಿಗೆ 1,817 ಮತಗಳಿಂದ ಸೋತರು. ಪ್ರಸಾದ್ ಅವರು ಈ ಕ್ಷೇತ್ರದಿಂದ 1980ರಲ್ಲಿಯೇ ಮೊದಲ ಸಲ ಲೋಕಸಭೆಗೆ ಹೋದವರು; ಅದು ಅವರ ಆರನೆಯ ಗೆಲುವು. ಕೇಂದ್ರದಲ್ಲಿ ರಾಜ್ಯ ಸಚಿವರಾಗಿಯೂ, ಕರ್ನಾಟಕದಲ್ಲಿ ಕಂದಾಯ ಸಚಿವರಾಗಿಯೂ ಕೆಲಸ ಮಾಡಿದ್ದರು. ದಿಲ್ಲಿಯಿಂದ ರಾಜ್ಯಕ್ಕೆ, ರಾಜ್ಯದಿಂದ ಮತ್ತೆ ದಿಲ್ಲಿಗೆ ಏಣಿಯನ್ನು ಹತ್ತಿಳಿದವರು ಅವರು.

2023ರ ಮಾರ್ಚ್ 11ರಂದು, ವಿಧಾನಸಭಾ ಚುನಾವಣೆಗೆ ಎರಡೇ ತಿಂಗಳು ಉಳಿದಿದ್ದಾಗ, ಧ್ರುವನಾರಾಯಣ ಅವರು ಹೃದಯಾಘಾತದಿಂದ ಮೈಸೂರಿನಲ್ಲಿ ತೀರಿಕೊಂಡರು. ಆ ಚುನಾವಣೆಯಲ್ಲಿ ಅವರ ಮಗ ನಂಜನಗೂಡಿನಿಂದ ಆರಿಸಿ ಬಂದರು. ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ಮತದಿಂದ ಸೋತಿದ್ದ ಕೃಷ್ಣಮೂರ್ತಿಯವರು ತಮ್ಮ ಹಳೆಯ ಎದುರಾಳಿಯ ಪಕ್ಷವಾದ ಕಾಂಗ್ರೆಸ್ಸಿನಿಂದಲೇ, ಅದೇ ಎದುರಾಳಿ ಗೆದ್ದಿದ್ದ ಕೊಳ್ಳೇಗಾಲದಲ್ಲಿಯೇ ನಿಂತು, 50,000ಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು.

ಎಲ್ಲರ ದಾರಿಯೂ ಹೀಗೆ ಸೋಲು ಗೆಲುವುಗಳ ಲೆಕ್ಕದಲ್ಲಿಯೇ ಸಾಗಲಿಲ್ಲ. ಪಾಲಾರಿನ ಸುತ್ತಿನ ಕಾಡು ಬಹುಕಾಲ ವೀರಪ್ಪನ್‌ನ ಭಯದಲ್ಲಿತ್ತು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ಆತನ ತಂಡ ಹೂತಿಟ್ಟ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಹನೂರಿನಿಂದ ಶಾಸಕರಾಗಿದ್ದ ಮಾಜಿ ಸಚಿವ ಎಚ್. ನಾಗಪ್ಪನವರನ್ನು 2002ರ ಆಗಸ್ಟಿನಲ್ಲಿ ಕಾಮಗೆರೆಯಿಂದ ಆತ ಅಪಹರಿಸಿದ. ಡಿಸೆಂಬರಿನಲ್ಲಿ ಕಾಡಿನಲ್ಲಿ ಅವರ ಶವ ದೊರೆಯಿತು. ಸಂತೇಮರಹಳ್ಳಿಯ ಒಂದು ಮತದ ಫಲಿತಾಂಶ ಬಂದ ಆ 2004ರ ಚುನಾವಣೆಯಲ್ಲಿಯೇ ಅವರ ಪತ್ನಿ ಪರಿಮಳಾ ನಾಗಪ್ಪನವರು ಹನೂರಿನಿಂದ ಗೆದ್ದರು.

ಏಣಿಯ ಮೇಲಿನಿಂದ ನೋಡುವವರಿಗೆ ಕೆಳಗಿನ ಮೆಟ್ಟಿಲು ಕಾಣದೆ ಹೋಗುವುದುಂಟು. ಮಹದೇಶ್ವರ ಬೆಟ್ಟದ ಕಾಡಿನೊಳಗೆ ಇಂಡಿಗನತ್ತ ಎಂಬ ಹಳ್ಳಿಯಿದೆ. ರಸ್ತೆ ಮೊದಲಾದ ಮೂಲ ಸೌಕರ್ಯಗಳಿಗಾಗಿ ಬಹುಕಾಲ ಕೇಳಿ ಬೇಸತ್ತ ಅಲ್ಲಿನ ಜನ 2024ರ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದರು. ಏಪ್ರಿಲ್ 26ರಂದು ಮತ ಹಾಕಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಘರ್ಷಣೆಯಾಯಿತು, ಕಲ್ಲುಗಳು ಬಿದ್ದವು, ಮತಯಂತ್ರ ಒಡೆಯಿತು. ಸಂತೇಮರಹಳ್ಳಿಯಲ್ಲಿ ಒಂದು ಮತಕ್ಕೆ ಅಷ್ಟು ಬೆಲೆ ಬಂದಿದ್ದ ಜಿಲ್ಲೆಯಲ್ಲಿಯೇ ಒಂದು ಊರಿಗೆ ಊರೇ ತನ್ನ ಮತಕ್ಕೆ ಬೆಲೆಯಿಲ್ಲವೆಂದು ಬಗೆದಿತ್ತು. ಯಂತ್ರ ಒಡೆದದ್ದು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ರೋಗಿಯನ್ನು ಹೊತ್ತು ಕಾಡುದಾರಿಯಲ್ಲಿ ನಡೆದವರ ಮುಂದೆ ಆ ಮಾತನ್ನಷ್ಟೇ ಹೇಳಿ ಎದ್ದು ಬರಲಾಗದು.

ಏಪ್ರಿಲ್ 29ರಂದು ಅಲ್ಲಿ ಮರುಮತದಾನ ನಡೆಯಿತು. ಆ ದಿನ ಬೆಳಗಿನ ಜಾವವೇ, ಆರು ಬಾರಿ ಈ ಕ್ಷೇತ್ರವನ್ನು ಪ್ರತಿನಿಧಿಸಿದ್ದ ಶ್ರೀನಿವಾಸ ಪ್ರಸಾದ್ ಅವರು ನಿಧನ ಹೊಂದಿದ್ದರು. ಇಂಡಿಗನತ್ತದ ಮತಗಟ್ಟೆಗೆ ಆ ದಿನ ಬಂದವರು ಕೆಲವರೇ. ಅವರ ಮತಗಳನ್ನು ಹೊಸ ಯಂತ್ರದಲ್ಲಿ ಪಡೆದು, ಮುದ್ರೆಯೊತ್ತಿ, ಕಾಡಿನ ದಾರಿಯಲ್ಲಿ ಕೆಳಗಿಳಿಸಿ, ಉಳಿದ ಲಕ್ಷಾಂತರ ಮತಗಳ ಜೊತೆಗೆ ಎಣಿಕೆಗೆ ಸೇರಿಸಲಾಯಿತು.